ಸ್ಲೈಡ್ ಗಿಟಾರ್ ಕರಕರ ಅಂದ್ರೆ
ಓಪನ್ ಜಿ ಟ್ಯೂನಿಂಗ್‌ನಲ್ಲಿ (ದಪ್ಪ ತಂತಿಯಿಂದ ಡಿ-ಜಿ-ಡಿ-ಜಿ-ಬಿ-ಡಿ; ಏನೂ ಒತ್ತದೆ ಮೀಟಿದರೆ ಜಿ ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಸ್ಲೈಡ್ (ತಂತಿಯ ಮೇಲೆ ಜಾರಿಸುವ ಗಾಜಿನ ಅಥವಾ ಲೋಹದ ಕೊಳವೆ) ಕಲಿಯುವವರು ಅದನ್ನು ಕಿರುಬೆರಳಿಗೆ ಹಾಕಿ, ಅದರ ಹಿಂದೆ, ಗಿಟಾರಿನ ತಲೆಯ ಕಡೆಗೆ, ಉಳಿದ ಬೆರಳುಗಳನ್ನು ತಂತಿಗೆ ಸುಮ್ನೆ ತಾಗಿಸಿಡಿ, ಒತ್ತಬೇಡಿ. ಸ್ಲೈಡಿನ ಹಿಂದಿರುವ ತಂತಿಯೂ ನಡುಗುತ್ತದೆ ಅಲ್ವಾ, ಆ ಕರಕರ ಜಾಸ್ತಿ ಬರುವುದು ಅಲ್ಲಿಂದಲೇ. ಸ್ಲೈಡ್ ಫ್ರೆಟ್‌ನ ಲೋಹದ ಪಟ್ಟಿಯ ನೇರ ಮೇಲೆ ಇರಲಿ, ಎರಡರ ನಡುವೆ ಅಲ್ಲ. 5ನೇ ಫ್ರೆಟ್ ಮೇಲೆ ಸಿ, 7ನೇ ಫ್ರೆಟ್ ಮೇಲೆ ಡಿ ಕಾರ್ಡ್ ಪೂರ್ತಿ ಸಿಗುತ್ತದೆ. ತಂತಿ ತೀರಾ ತಗ್ಗಿದ್ದರೆ ಮಾತ್ರ ಇದು ನಡೆಯುವುದಿಲ್ಲ, ಸ್ಲೈಡ್ ಫ್ರೆಟ್‌ಗೆ ಬಡಿಯುತ್ತದೆ. (ನಮ್ಮ ಮಂಗಳೂರಿನ ಮಳೆಗೆ ಮರ ಉಬ್ಬಿ ತಂತಿ ಮೇಲೆದ್ದ ಹಳೇ ಗಿಟಾರ್ ಇದ್ದರೆ ಮಾರಬೇಡಿ ಮಾರಾಯ್ರೆ, ಸ್ಲೈಡಿಗೆ ಅದೇ ಒಳ್ಳೆಯದು!) ಕಡಲ ಗಾಳಿಗೆ ತುಕ್ಕು ಹಿಡಿದ ತಂತಿ ಏನು ಮಾಡಿದರೂ ಗರಗರ ಅನ್ನುತ್ತದೆ, ಬದಲಾಯಿಸಿಬಿಡಿ.