ಬಡಾವಣೆಯ ಅಂಗಡಿಸಾಲಿಗೆ ವಲಯ ನಿಯಮ: ಕರಡನ್ನು ಓದುವುದು ಹೇಗೆ?

ನಿಮ್ಮ ಬಡಾವಣೆಯ ಅಂಗಡಿಸಾಲಿಗೆ ಹೊಸ ವಲಯ ನಿಯಮದ, ಅಂದರೆ ಯಾವ ಜಾಗದಲ್ಲಿ ಏನನ್ನು ಎಷ್ಟು ಕಟ್ಟಬಹುದು ಎಂದು ಹೇಳುವ ನಿಯಮದ ಕರಡು ಪ್ರಕಟವಾಗಿದೆ, ಆಕ್ಷೇಪಣೆ ಸಲ್ಲಿಸಲು ಗಡುವು ಕೊಟ್ಟಿದ್ದಾರೆ ಎಂದುಕೊಳ್ಳಿ. ಹೆಚ್ಚಿನವರು ಯಾವ ಅಂಗಡಿಗೆ ಅವಕಾಶವಿದೆ, ಯಾವುದಕ್ಕಿಲ್ಲ ಎಂಬ ಪಟ್ಟಿಯನ್ನಷ್ಟೇ ನೋಡಿ ಮಡಚಿಡುತ್ತಾರೆ. ಅಂಗಡಿಸಾಲಿನ ಅಳಿವು ಉಳಿವು ಇರುವುದು ಅದರ ಮುಂದಿನ ಪುಟಗಳ ಅಳತೆಗಳಲ್ಲಿ. ಗ್ರಾಫ್ ಕಾಗದ, ಪೆನ್ಸಿಲ್, ಸ್ಕೇಲು ಇಟ್ಟುಕೊಂಡು ಕೂತರೆ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಮೊದಲು ನಕ್ಷೆ

ವಲಯದ ಗಡಿಗೆರೆ ಎಲ್ಲಿ ಹಾದುಹೋಗಿದೆ ನೋಡಿ. ಗೆರೆ ರಸ್ತೆಯ ನಡುವೆ ಬಂದಿದ್ದರೆ ಒಂದು ಬದಿಯಲ್ಲಿ ಮಾತ್ರ ಅಂಗಡಿ, ಎದುರಿಗೆ ಉದ್ದಕ್ಕೂ ಕಾಂಪೌಂಡ್ ಗೋಡೆ. ಗೆರೆ ನಿವೇಶನಗಳ ಹಿಂಬದಿಯಲ್ಲಿ ಹಾದುಹೋದರೆ ರಸ್ತೆಯ ಎರಡೂ ಬದಿ ಒಂದೇ ವಲಯಕ್ಕೆ ಸೇರುತ್ತವೆ, ಬೀದಿಗೆ ಕಳೆ ಬರುತ್ತದೆ. ಆಮೇಲೆ ನಡಿಗೆಯ ದೂರ ಅಳೆಯಿರಿ. 1929ರಲ್ಲಿ ಅಮೆರಿಕದ ನಗರ ಯೋಜಕ ಕ್ಲಾರೆನ್ಸ್ ಪೆರ್ರಿ ರೂಪಿಸಿದ ಬಡಾವಣೆಯ ಮಾದರಿಯಲ್ಲಿ ಮನೆಗಳಿಂದ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್ ದೂರವೇ ಲೆಕ್ಕ; ಐದು ನಿಮಿಷದ ನಡಿಗೆ. ಆ ಅಂದಾಜು ಇವತ್ತಿಗೂ ಕೈಕೊಡುವುದಿಲ್ಲ.

ಬಳಕೆಯ ಪಟ್ಟಿ

ಇಲ್ಲಿ ಸಾಮಾನ್ಯವಾಗಿ ಮೂರು ಬಗೆ: ನೇರ ಅನುಮತಿ, ಷರತ್ತಿನ ಮೇಲೆ ಅನುಮತಿ, ನಿಷೇಧ. ಪಟ್ಟಿಯಲ್ಲಿ ಹೆಸರೇ ಇಲ್ಲದ ವ್ಯಾಪಾರವನ್ನು ಬಹುತೇಕ ಕಡೆ ನಿಷೇಧ ಎಂದೇ ಓದುತ್ತಾರೆ. ಹಾಗಾಗಿ ಇನ್ನೂ ಹುಟ್ಟದ ವ್ಯಾಪಾರಕ್ಕೂ ಬಾಗಿಲು ಮುಚ್ಚಿದಂತೆ. ವ್ಯಾಪಾರದ ಹೆಸರಿಗಿಂತ ಅಂಗಡಿಯ ಗಾತ್ರಕ್ಕೆ ಮಿತಿ ಹಾಕುವುದೇ ಒಳ್ಳೆಯದೆಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಜಪಾನಿನ ನಿಯಮ ನೋಡಿ. ಅತ್ಯಂತ ಬಿಗಿಯಾದ ವಸತಿ ವಲಯದಲ್ಲೂ ಮನೆಗೆ ಸೇರಿದ ಅಂಗಡಿಗೆ ಅವಕಾಶವಿದೆ. ಅದು 50 ಚದರ ಮೀಟರ್ ದಾಟಬಾರದು, ಕಟ್ಟಡದ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯಬಾರದು. ಮುಂದಿನ ವಲಯದಲ್ಲಿ 150, ಅದರಾಚೆ 500 ಹೀಗೆ ಮಿತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಯಾವ ಬಗೆಯ ಅಂಗಡಿ ಎಂಬ ಕಟ್ಟುಪಾಡು ಅಲ್ಲೂ ಇದೆ, ಆದರೆ ಮನೆಗಳ ನಡುವೆ ಅಂಗಡಿಗೆ ಜಾಗವೇ ಇಲ್ಲ ಎನ್ನುವುದಿಲ್ಲ.

ಗ್ರಾಫ್ ಕಾಗದದ ಮೇಲೆ ಒಂದು ನಿವೇಶನ

ಈಗ ತಾಳ್ಮೆ ಬೇಕು. 12 ಮೀಟರ್ ಅಗಲ, 18 ಮೀಟರ್ ಉದ್ದದ ನಿವೇಶನ ಬರೆದುಕೊಳ್ಳಿ: 216 ಚದರ ಮೀಟರ್. ಕರಡು ಮುಂದೆ ಹಿಂದೆ 3 ಮೀಟರ್, ಅಕ್ಕಪಕ್ಕ ಒಂದೂವರೆ ಮೀಟರ್ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡುವ ಜಾಗ ಕೇಳುತ್ತದೆ ಎನ್ನೋಣ. ಉಳಿದದ್ದು 9 ಗುಣಿಸು 12, ಅಂದರೆ 108 ಚದರ ಮೀಟರ್. ನಿವೇಶನದ ಅರ್ಧ ಹೋಯಿತು.

ಈಗ ಪಾರ್ಕಿಂಗ್. 30 ಚದರ ಮೀಟರ್ ಅಂಗಡಿಗೆ ಒಂದು ಕಾರಿನ ಜಾಗ ಎಂದಿದ್ದರೆ, ನೆಲ ಅಂತಸ್ತು ಪೂರ್ತಿ ಅಂಗಡಿಯಾದಾಗ 3.6 ಬರುತ್ತದೆ; ಮೇಲಕ್ಕೆ ಸರಿಹೊಂದಿಸಿದರೆ ನಾಲ್ಕು. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಮುಂದಿನ ಸೆಟ್‌ಬ್ಯಾಕ್ ಇರುವುದೇ 3 ಮೀಟರ್, ಕಾರಿನ ಬಾಲ ರಸ್ತೆಗೆ ಬರುತ್ತದೆ. ಒಳಗೆ ನಿಲ್ಲಿಸೋಣವೆಂದರೆ ತಿರುಗಿಸುವ ಜಾಗವೂ ಸೇರಿ ಕಾರೊಂದಕ್ಕೆ ಸುಮಾರು 25 ಚದರ ಮೀಟರ್, ನಾಲ್ಕಕ್ಕೆ 100. ನೆಲ ಅಂತಸ್ತು ಕಾರುಗಳ ಪಾಲಾಯಿತು, ಅಂಗಡಿ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ‘ಅಂಗಡಿಗೆ ಅನುಮತಿ ಇದೆ’ ಎಂದು ಮೊದಲ ಪುಟದಲ್ಲಿ ಕೊಟ್ಟದ್ದನ್ನು ಒಳಪುಟದ ಒಂದು ಸಾಲು ಕಸಿದುಕೊಂಡಿತು.

ಇದಕ್ಕೆ ಕೇಳಬೇಕಾದದ್ದು ಎರಡು. ಅಂಗಡಿಸಾಲಿನಲ್ಲಿ ಮುಂದಿನ ಸೆಟ್‌ಬ್ಯಾಕ್ ತೆಗೆದು ಕಟ್ಟಡ ಪಾದಚಾರಿ ಮಾರ್ಗಕ್ಕೆ ತಾಗಿ ನಿಲ್ಲಲಿ. ಸಣ್ಣ ಅಂಗಡಿಗಳಿಗೆ ಕಡ್ಡಾಯ ಪಾರ್ಕಿಂಗ್ ಬೇಡ. ಅಮೆರಿಕದ ಬಫಲೋ ನಗರ 2017ರಲ್ಲಿ ಜಾರಿಗೆ ತಂದ ವಲಯ ಸಂಹಿತೆಯಲ್ಲಿ ಕನಿಷ್ಠ ಪಾರ್ಕಿಂಗ್ ಷರತ್ತನ್ನು ಇಡೀ ನಗರದಲ್ಲೇ ಕೈಬಿಟ್ಟಿತು, ಆದ್ದರಿಂದ ಇದು ಯಾರೂ ಕೇಳದ ಬೇಡಿಕೆಯೇನಲ್ಲ.

ಎಲ್ಲ ಅಂತಸ್ತೂ ಸೇರಿ ನಿವೇಶನದ ಎಷ್ಟು ಪಟ್ಟು ಕಟ್ಟಬಹುದು ಎಂಬುದೇ ನೆಲ ವಿಸ್ತೀರ್ಣ ಅನುಪಾತ, ಅಂದರೆ ಎಫ್‌ಎಆರ್. ಅದು 1.5 ಇದ್ದರೆ ನಮ್ಮ ನಿವೇಶನದಲ್ಲಿ ಒಟ್ಟು 324 ಚದರ ಮೀಟರ್ ಕಟ್ಟಬಹುದು. ಎತ್ತರದ ಮಿತಿ ಎರಡೇ ಅಂತಸ್ತು ಎಂದಿದ್ದರೆ 108 ಗುಣಿಸು 2, ಬರೀ 216. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಇಂಥ ಅಂಕಿಗಳನ್ನು ಜೋಡಿಯಾಗಿಯೇ ಓದಿ. ಅಂಗಡಿ ಮೇಲೆ ಮನೆ ಕಟ್ಟಲು ಬಿಡುತ್ತಾರೆಯೇ ಎಂದೂ ನೋಡಿ. ಮೇಲೆ ಸಂಸಾರವಿದ್ದರೆ ರಾತ್ರಿ ಬೀದಿಗೆ ದೀಪವೂ ಇರುತ್ತದೆ, ಕಣ್ಣೂ ಇರುತ್ತದೆ.

ನೆರೆಮನೆಯ ನೆಮ್ಮದಿ

ತೆರೆಯುವ ಮುಚ್ಚುವ ಹೊತ್ತು, ಸರಕು ಇಳಿಸುವ ವೇಳೆ, ಹೊಗೆ ಕೊಳವೆಯ ಬಾಯಿ ಯಾವ ಕಡೆಗೆ, ಬೋರ್ಡಿನ ದೀಪ ಯಾರ ಕಿಟಕಿಗೆ ಬೀಳುತ್ತದೆ: ಇವುಗಳಿಗೆ ನಿಯಮ ಬಿಗಿಯಾಗಿಯೇ ಇರಲಿ. ಬೀದಿಗೆ ಮುಖ ಮಾಡಿದ ಗೋಡೆಯಲ್ಲಿ ಇಂತಿಷ್ಟು ಪಾಲು ಕಿಟಕಿ ಬಾಗಿಲು ಇರಬೇಕೆಂಬ ಷರತ್ತಿದ್ದರೆ ಅದನ್ನು ಬಿಟ್ಟುಕೊಡಬೇಡಿ.

ಹಳೆಯ ಅಂಗಡಿಗಳು

ನಿಯಮಕ್ಕಿಂತ ಮೊದಲೇ ಇದ್ದ ಅಂಗಡಿ ಮುಂದುವರಿಯಬಹುದು ಎಂಬ ಕಲಮು ಸಾಮಾನ್ಯವಾಗಿ ಇರುತ್ತದೆ. ಅದರ ಬಾಲದಲ್ಲಿ ‘ಇಷ್ಟು ತಿಂಗಳು ಮುಚ್ಚಿದ್ದರೆ ಹಕ್ಕು ರದ್ದು’ ಎಂದೂ ಇರುತ್ತದೆ. ಮಾಲೀಕರ ಕಾಯಿಲೆ, ರಿಪೇರಿ, ಬೆಂಕಿ ಅವಘಡಗಳಿಗೆ ಆ ಅವಧಿಯಿಂದ ವಿನಾಯಿತಿ ಕೇಳಿ.

ಆಕ್ಷೇಪಣೆ ಬರೆಯುವಾಗ ಒಂದು ಕಲಮಿಗೆ ಒಂದು ಪ್ಯಾರಾ ಸಾಕು: ಕಲಮಿನ ಸಂಖ್ಯೆ, ಅದರಿಂದ ಆಗುವ ತೊಂದರೆ, ಬದಲಿಗೆ ಇರಬೇಕಾದ ವಾಕ್ಯ. ನೀವು ಬರೆದ ಗ್ರಾಫ್ ಚಿತ್ರವನ್ನು ಅಳತೆ ಸಮೇತ ಲಗತ್ತಿಸಿ. ಗಡುವಿನೊಳಗೆ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆದು, ಒಂದು ಪ್ರತಿ ನಿಮ್ಮಲ್ಲಿಟ್ಟುಕೊಳ್ಳಿ. ವಿಚಾರಣೆಯ ದಿನ ಮಾತನಾಡಲು ಅದೇ ಚಿತ್ರ ಬೇಕಾಗುತ್ತದೆ.