ಕೊಮೊಡೊ ಉಡವನ್ನು ಅದರ ನೆಲದಲ್ಲೇ ನೋಡುವುದು ಹೇಗೆ

ಕೊಮೊಡೊ ಡ್ರ್ಯಾಗನ್ ನಮ್ಮ ಹೊಲದ ಬದುಗಳಲ್ಲಿ ಓಡಾಡುವ ಉಡದ ಕುಲದ್ದೇ ಪ್ರಾಣಿ. ಅಲ್ಲಿಯವರು ‘ಓರಾ’ ಎನ್ನುತ್ತಾರೆ. ದೊಡ್ಡ ಗಂಡು 2.5 ಮೀಟರ್ ದಾಟುತ್ತದೆ, 70 ಕಿಲೊ ಮೀರಿ ತೂಗುವುದೂ ಉಂಟು. ಇಂಡೊನೇಷ್ಯಾದ ಕೊಮೊಡೊ, ರಿಂಚಾ ಮತ್ತು ಸುತ್ತಲಿನ ಒಂದೆರಡು ಪುಟ್ಟ ದ್ವೀಪ, ಫ್ಲೋರೆಸ್ ಕರಾವಳಿಯ ಕೆಲವು ಭಾಗ ಬಿಟ್ಟರೆ ಕಾಡಿನಲ್ಲಿ ಇನ್ನೆಲ್ಲೂ ಇಲ್ಲ.

ಫ್ಲೋರೆಸ್‌ನ ಲಾಬುವಾನ್ ಬಾಜೊ ಬಂದರಿನಿಂದ ದೋಣಿ ಸಿಗುತ್ತದೆ. ಹಿಂದಿನ ರಾತ್ರಿಯೇ ದ್ವೀಪದ ಬಳಿ ಲಂಗರು ಹಾಕುವ ದೋಣಿ ಆರಿಸಿಕೊಳ್ಳಿ. ಓರಾ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕಾದ ಮೇಲೆ ಹೊರಡುವ ಪ್ರಾಣಿ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಹುಣಸೆ ಮರದ ನೆರಳಿಗೋ ಬಿಲಕ್ಕೋ ಸೇರುತ್ತದೆ. ಮಧ್ಯಾಹ್ನ ಹೋದವರಿಗೆ ಸಿಗುವುದು ನೆಲಕ್ಕೆ ಗಲ್ಲ ಊರಿ ಬಿದ್ದುಕೊಂಡ ದೇಹ ಮಾತ್ರ. ಜುಲೈ-ಆಗಸ್ಟ್ ಬೆದೆಯ ಕಾಲ, ಆಗ ಗಂಡುಗಳು ಕಾಡಿನೊಳಗೆ ಸರಿದಿರುತ್ತವೆ, ಕಾಣುವುದು ಕಷ್ಟ.

ರಿಂಚಾದಲ್ಲಿ ಲೋಹ್ ಬುವಾಯಾ, ಕೊಮೊಡೊದಲ್ಲಿ ಲೋಹ್ ಲಿಯಾಂಗ್ ಇಳಿಯುವ ತಾಣಗಳು. ರೇಂಜರ್ ಇಲ್ಲದೆ ಹೆಜ್ಜೆ ಇಡುವಂತಿಲ್ಲ. ಅವರ ಕೈಯಲ್ಲಿರುವುದು ತುದಿ ಕವಲೊಡೆದ ಉದ್ದನೆಯ ಕೋಲು, ಅಷ್ಟೇ. ಹಸಿ ಗಾಯವಿದ್ದರೆ, ಮುಟ್ಟಾಗಿದ್ದರೆ ಹೊರಡುವ ಮೊದಲೇ ಅವರಿಗೆ ಹೇಳಿ. ಇದರಲ್ಲಿ ಸಂಕೋಚ ಬೇಡ. ಕೊಳೆತ ಮಾಂಸದ ವಾಸನೆಯನ್ನು ಕಿಲೊಮೀಟರ್‌ಗಟ್ಟಲೆ ದೂರದಿಂದ ಹಿಡಿಯುವ ಪ್ರಾಣಿ ಇದು. ಮುಚ್ಚಿದ ಶೂ ಹಾಕಿ, ಒಬ್ಬರಿಗೆ ಒಂದೂವರೆ ಲೀಟರ್ ನೀರಿರಲಿ, ತಿನ್ನುವ ವಸ್ತು ದೋಣಿಯಲ್ಲೇ ಬಿಡಿ.

ರೇಂಜರ್‌ಗಳ ಅಡುಗೆಮನೆಯ ಬಳಿ ಬಿದ್ದಿರುವ ಓರಾಗಳನ್ನಷ್ಟೇ ನೋಡಿ ವಾಪಸಾಗಬೇಡಿ. ಅವು ಮೀನಿನ ವಾಸನೆಗೆ ಬಂದವು. ತಾಳೆ ಮರಗಳ ಹುಲ್ಲುಗಾವಲು ಮುಗಿದು ಕಾಡು ಶುರುವಾಗುವ ಅಂಚಿಗೆ ನಡೆಯಿರಿ. ಜಿಂಕೆ ತಿರುಗಾಡುವ ಜಾಡಿನ ಪಕ್ಕದಲ್ಲೇ ಓರಾ ಹೊಂಚು ಹಾಕುವುದು. ಆ ಜಿಂಕೆ ನಮ್ಮ ಕಡವೆಯ ಹತ್ತಿರದ ನಂಟ. ಧೂಳಿನಲ್ಲಿ ಎರಡು ಸಾಲು ಉಗುರು ಹೆಜ್ಜೆ, ನಡುವೆ ಬಾಲ ಎಳೆದ ಗೆರೆ ಕಂಡರೆ ಅದರದೇ ಜಾಡು. ಸುಣ್ಣದಂತೆ ಬೆಳ್ಳಗಿರುವ ಹಿಕ್ಕೆಯೂ ಅದರದೇ, ಮೂಳೆ ಅರಗಿಸಿದ್ದರ ಗುರುತು.

ಕಂಡಾಗ ಕನಿಷ್ಠ 5 ಮೀಟರ್ ದೂರ ನಿಂತು ನಾಲಗೆಯನ್ನು ಗಮನಿಸಿ. ಹಳದಿ ಕವಲು ನಾಲಗೆ ಹೊರಬಂದು, ಗಾಳಿಯನ್ನು ಸವರಿ, ಒಳಗೆ ಹೋಗಿ ಅಂಗುಳಿನ ವಾಸನೆಯ ಅಂಗಕ್ಕೆ ಕಣಗಳನ್ನು ಮುಟ್ಟಿಸುತ್ತದೆ. ಎರಡು ಕವಲಿನಲ್ಲಿ ಯಾವುದರಲ್ಲಿ ವಾಸನೆ ಹೆಚ್ಚೋ ಅತ್ತ ತಲೆ ತಿರುಗುತ್ತದೆ. ನಾಲಗೆ ಬೇಗ ಬೇಗ ಆಡತೊಡಗಿ ತಲೆ ನಿಮ್ಮತ್ತ ಎದ್ದರೆ ಫೋಟೊ ಬಿಡಿ, ರೇಂಜರ್ ಹಿಂದೆ ಸರಿಯಿರಿ. ಓಡಬೇಡಿ. ಸ್ವಲ್ಪ ದೂರದ ಓಟದಲ್ಲಿ ಗಂಟೆಗೆ 20 ಕಿಲೊಮೀಟರ್ ವೇಗ ಅದಕ್ಕೂ ಇದೆ. ಜನ ಎಡವುವುದು ‘ನಿದ್ದೆ ಮಾಡುತ್ತಿದೆ’ ಎಂದುಕೊಂಡು ಬಾಲದ ಕಡೆಯಿಂದ ಹತ್ತಿರ ಹೋಗುವಾಗ. ಆ ಬಾಲದ ಏಟು ಕಾಡುಹಂದಿಯನ್ನೇ ಕೆಡವೀತು.

ಕಚ್ಚಿದರೆ ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು ತಕ್ಷಣ ಆಸ್ಪತ್ರೆಗೆ ಸಾಗಿಸಿ. ಬಾಯಿಯ ಕೊಳಕಿನಿಂದ ಬೇಟೆ ಸಾಯುತ್ತದೆ ಎಂಬುದು ಹಳೆಯ ನಂಬಿಕೆ. ಕೆಳದವಡೆಯಲ್ಲಿ ವಿಷಗ್ರಂಥಿಗಳಿವೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ವಿಷ ರಕ್ತ ಹೆಪ್ಪುಗಟ್ಟಲು ಬಿಡದು, ರಕ್ತದೊತ್ತಡವನ್ನೂ ಇಳಿಸುತ್ತದೆ. ಹೀಗಾಗಿ ಗಾಯ ಚಿಕ್ಕದೆಂದು ಕಾಯುತ್ತ ಕೂರುವುದೇ ಅಪಾಯ.

ಸೆಪ್ಟೆಂಬರ್ ಸುಮಾರಿಗೆ ಹೋದರೆ ಮಣ್ಣು, ತರಗೆಲೆಗಳ ದಿಬ್ಬಗಳಿಂದ ದೂರವಿರಿ. ಅವು ಕೋಳಿ ಗಾತ್ರದ ಮೆಗಾಪೋಡ್ ಹಕ್ಕಿ ಕಟ್ಟಿದ ಗೂಡುಗಳು. ಹೆಣ್ಣು ಓರಾ ಅದರಲ್ಲೇ ತೋಡಿ 20ರ ಆಸುಪಾಸು ಮೊಟ್ಟೆ ಇಟ್ಟು ಹತ್ತಿರವೇ ಕಾವಲಿರುತ್ತದೆ. ಪಕ್ಕದಲ್ಲಿ ಖಾಲಿ ಗುಂಡಿಗಳನ್ನೂ ತೋಡಿರುತ್ತದೆ, ಮೊಟ್ಟೆ ಕದಿಯುವವರ ದಾರಿ ತಪ್ಪಿಸಲು.

ಏಳೆಂಟು ತಿಂಗಳ ನಂತರ ಮರಿಗಳು ಹೊರಬರುತ್ತವೆ, ಮೊಳದುದ್ದ, ಹಳದಿ ಚುಕ್ಕೆಯ ಮೈ. ದೊಡ್ಡವು ಸ್ವಂತ ಜಾತಿಯ ಮರಿಗಳನ್ನೂ ತಿನ್ನುವುದರಿಂದ ಇವು ನೇರ ಮರ ಹತ್ತಿ ಕೆಲವು ವರ್ಷ ಅಲ್ಲೇ ಹಲ್ಲಿ, ಹುಳ ತಿಂದು ಬೆಳೆಯುತ್ತವೆ. ಭಾರದ ಮೈಯ ದೊಡ್ಡವು ಅಲ್ಲಿಗೆ ಹತ್ತಲಾರವು. ಆದ್ದರಿಂದ ನೆಲವನ್ನಷ್ಟೇ ನೋಡುತ್ತ ನಡೆಯಬೇಡಿ, ಕಾಂಡದ ಬಿರುಕು, ಪೊಟರೆಗಳ ಮೇಲೂ ಕಣ್ಣಿರಲಿ.