ಹನ್ನೆರಡು ತಿಂಗಳಿಗೆ ಒಂದೇ ಸಾಲು ಬರೆದು ಕಲಿತದ್ದು

ನಮ್ಮ ಕಡೆ ತೋಟವೆಂದರೆ ಅಡಿಕೆ ತೋಟವೇ. ಆದ್ದರಿಂದ ನಾನು ಮಾಡುವ ಕೆಲಸಕ್ಕೆ ಗಾರ್ಡನ್ ನಿರ್ವಹಣೆ ಎಂದೇ ಹೇಳಬೇಕಾಗುತ್ತದೆ. ಶಿವಮೊಗ್ಗದಲ್ಲಿ ಸಣ್ಣ ನರ್ಸರಿ ನಡೆಸುತ್ತಿದ್ದ ನಾನು, ಗಿಡ ಕೊಂಡವರ ಅಂಗಳವನ್ನು ವರ್ಷಪೂರ್ತಿ ನೋಡಿಕೊಳ್ಳುವ ಗುತ್ತಿಗೆಗೆ ಕೈಹಾಕಿದಾಗ, ಪ್ರಸ್ತಾವನೆ ಬರೆಯುವುದೂ ಒಂದು ಕೆಲಸವೆಂದು ಎಣಿಸಿರಲಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ರೆಸಾರ್ಟಿಗೆ ನಾನು ಕೊಟ್ಟ ಮೊದಲ ಪ್ರಸ್ತಾವನೆ ಅರ್ಧ ಪುಟದ್ದು. 'ಗಾರ್ಡನ್ ನಿರ್ವಹಣೆ, ತಿಂಗಳಿಗೆ ಎರಡು ಭೇಟಿ, ನಾಲ್ಕು ಜನ' ಎಂಬ ಒಂದು ಸಾಲು, ಅದರ ಕೆಳಗೆ ಒಂದು ಮೊತ್ತ, ಒಂದು ಸಹಿ. ಜಾಗ ನೋಡಲು ಹೋದದ್ದು ಫೆಬ್ರವರಿಯಲ್ಲಿ. ಹುಲ್ಲು ಅರೆ ಒಣಗಿತ್ತು, ಉದುರಿದ ದರಗೆಲೆ ಗುಡಿಸುವುದನ್ನು ಬಿಟ್ಟರೆ ಹೆಚ್ಚಿನ ಕೆಲಸವೇ ಕಾಣಲಿಲ್ಲ.

ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುವ ಆಗುಂಬೆಯ ಮಗ್ಗುಲಲ್ಲಿ ಫೆಬ್ರವರಿಯ ಅಂದಾಜು ಹಿಡಿದು ಜುಲೈ ಕೆಲಸಕ್ಕೆ ದರ ಬರೆದವನ ಗತಿ ಏನಾಗಬೇಕೋ ಅದೇ ನನ್ನದೂ ಆಯಿತು. ಆರಿದ್ರಾ ಮಳೆ ಹಿಡಿದ ಮೇಲೆ ಹುಲ್ಲು ಹತ್ತು ದಿನಕ್ಕೆ ಮೊಣಕಾಲು ಮುಟ್ಟಿತು. ಒದ್ದೆ ಹುಲ್ಲು ಬ್ರಷ್ ಕಟರಿನ ತಲೆಗೆ ಸುತ್ತಿಕೊಂಡು ಗಳಿಗೆಗೊಮ್ಮೆ ಯಂತ್ರ ನಿಲ್ಲಿಸಬೇಕಾಗುತ್ತಿತ್ತು. ನಡುವೆ ಹುಡುಗರು ಕಾಲಿಗೆ ಹತ್ತಿದ ಉಂಬಳ ಕೀಳಲು ಕೂರುತ್ತಿದ್ದರು. ಬೆಳಿಗ್ಗೆ ವ್ಯಾನಿನಲ್ಲಿ ಹೋಗಿ, ಮಧ್ಯಾಹ್ನದವರೆಗೆ ಸೂರಿನಡಿ ನಿಂತು, ಒಂದು ಪಾತಿಯನ್ನೂ ಮುಟ್ಟದೆ ಮರಳಿದ ದಿನಗಳಿಗೂ ಕೂಲಿ ಕೊಡಲೇಬೇಕಿತ್ತು. ಪುಷ್ಯ ಮಳೆಯ ಗಾಳಿಗೆ ದಾರಿಗಡ್ಡವಾಗಿ ಒಂದು ಮರ ಬಿದ್ದಾಗ ಅದನ್ನು ಕಡಿದು ಸಾಗಿಸಲು ಕರೆ ಬಂತು. 'ಗಾರ್ಡನ್ ನಿರ್ವಹಣೆ ಎಂದು ನೀವೇ ಬರೆದಿದ್ದೀರಲ್ಲ' ಎಂದು ಮಾಲೀಕರು ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಅಂದಿನಿಂದ ಟೇಪು ಹಿಡಿಯದೆ ನಾನು ಪ್ರಸ್ತಾವನೆಗೆ ಕೂರುವುದಿಲ್ಲ. 'ನಮ್ಮದು ಒಂದೆಕರೆ' ಎನ್ನುವವರ ಜಾಗದಲ್ಲಿ ಕಟ್ಟಡ, ವಾಹನ ನಿಲ್ಲಿಸುವ ಅಂಗಳ, ಮುಟ್ಟಬೇಕಿಲ್ಲದ ಹುಲ್ಲಿನ ಬೇಣ ಇವನ್ನೆಲ್ಲ ಕಳೆದರೆ ನಾವು ದುಡಿಯಬೇಕಾದ ನೆಲ ಹಲವು ಸಲ ಹತ್ತು ಹನ್ನೆರಡು ಗುಂಟೆಗೆ ಇಳಿಯುತ್ತದೆ. ಹುಲ್ಲುಹಾಸು ಎಷ್ಟು ಗುಂಟೆ, ಬೇಲಿಗಿಡದ ಸಾಲು ಎಷ್ಟು ಅಡಿ, ಕುಂಡ ಎಷ್ಟು, ಮರ ಎಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳುತ್ತೇನೆ. ಇಳಿಜಾರಿನದು ಇನ್ನೊಂದು ಲೆಕ್ಕ. ಸಮತಟ್ಟಿನಲ್ಲಿ ಒಬ್ಬ ಅರ್ಧ ದಿನದಲ್ಲಿ ಸವರುವ ಹುಲ್ಲಿಗೆ ದರೆಯ ಮೇಲೆ ಇಬ್ಬರು ಬೇಕು, ಅದೂ ಮಳೆಯಲ್ಲಿ ಕಾಲು ನಿಂತರೆ. ಮಳೆಗಾಲದಲ್ಲಿ ಜಾಗ ನೋಡಲು ಆಗದಿದ್ದರೆ ಕಾವಲುಗಾರನನ್ನು ಮಾತನಾಡಿಸುತ್ತೇನೆ, ಏಕೆಂದರೆ ನೀರು ಎಲ್ಲಿ ನಿಲ್ಲುತ್ತದೆ, ಬಸಿಗಾಲುವೆ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಬೆಂಗಳೂರಿನಲ್ಲಿರುವ ಮಾಲೀಕರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೋಡೆಯ ಬುಡದಲ್ಲಿ ಒಣಗಿ ಕಪ್ಪಾದ ಪಾಚಿಯ ಗೆರೆಯೂ ಅದನ್ನೇ ಹೇಳುತ್ತದೆ.

ಕೆಲಸದ ಪಟ್ಟಿಯನ್ನು ತಿಂಗಳ ಲೆಕ್ಕಕ್ಕೆ ಬದಲು ಕಾಲದ ಲೆಕ್ಕಕ್ಕೆ ಬರೆಯತೊಡಗಿದ್ದು ನಾನು ಮಾಡಿಕೊಂಡ ದೊಡ್ಡ ತಿದ್ದುಪಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಕತ್ತರಿಸುವುದು, ಬಸಿಗಾಲುವೆ ಬಿಡಿಸುವುದು, ಕಾಲುದಾರಿಯ ಪಾಚಿ ಉಜ್ಜುವುದು. ಮಳೆ ಬಿಟ್ಟ ಮೇಲೆ ಜನವರಿಯವರೆಗೆ ಸವರುವುದು, ಗೊಬ್ಬರ ಕೊಡುವುದು, ಇರುವ ಹೂವಿನ ಪಾತಿ ಹದ ಮಾಡುವುದು. ಆಮೇಲೆ ಮೇ ತನಕ ನೀರು, ಗಿಡದ ಬುಡಕ್ಕೆ ಮುಚ್ಚಿಗೆ, ದರಗೆಲೆ. ಭೇಟಿಯ ದಿನವನ್ನು ಗಟ್ಟಿಯಾಗಿ ನಮೂದಿಸುವುದನ್ನು ಬಿಟ್ಟು, 'ಮಳೆಯಿಂದ ಕೆಲಸ ನಿಂತರೆ ಮುಂದಿನ ಮೂರು ದಿನಗಳೊಳಗೆ ಬಂದು ಪೂರೈಸಲಾಗುವುದು. ಸ್ಥಳಕ್ಕೆ ಬಂದ ಮೇಲೆ ಕೆಲಸ ನಿಂತರೆ ಅದನ್ನು ಅರ್ಧ ಭೇಟಿಯೆಂದು ಎಣಿಸಲಾಗುವುದು' ಎಂದು ಬರೆಯುತ್ತೇನೆ. ಈ ಅರ್ಧ ಭೇಟಿಯ ಮಾತಿಗೆ ಮುಖ ಗಂಟಿಕ್ಕಿದವರು ಇದ್ದಾರೆ, ಆದರೂ ಅದನ್ನು ನಾನು ತೆಗೆದಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ನನ್ನ ಹುಡುಗರಲ್ಲಿ ಇಬ್ಬರು ಸುಲಿಯುವ ಮನೆಗಳಿಗೆ ಹೋಗಿಬಿಡುತ್ತಾರೆ. ಅಲ್ಲಿನ ಕೂಲಿಗೆ ನಾನು ಸರಿಗಟ್ಟಲಾರೆ. ಹೀಗಾಗಿ ಆ ತಿಂಗಳುಗಳಲ್ಲಿ ಹೊಸ ಪಾತಿ ತೋಡುವಂಥ ಭಾರದ ಕೆಲಸವನ್ನು ಪಟ್ಟಿಗೆ ಸೇರಿಸುವುದೇ ಇಲ್ಲ.

ನೀರಿನ ವಿಷಯವನ್ನು ಅಂಕಿಯಲ್ಲಿ ಬರೆಯದಿದ್ದರೆ ಏಪ್ರಿಲ್‌ನಲ್ಲಿ ಜಗಳ ತಪ್ಪಿದ್ದಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ ಐದು ಮಿಲಿಮೀಟರ್ ಎಂದು ಹಿಡಿದರೆ, ಹತ್ತು ಗುಂಟೆಗೆ, ಅಂದರೆ 10,890 ಚದರ ಅಡಿಗೆ, ದಿನಕ್ಕೆ ಸುಮಾರು ಐದು ಸಾವಿರ ಲೀಟರ್ ಬೇಕು. ಒಮ್ಮೆ ಸಾಗರದ ಕಡೆಯ ಹೋಂಸ್ಟೇ ಒಂದರ ಯಜಮಾನರು ಈ ಲೆಕ್ಕವನ್ನು ಓದಿ, ಸ್ವಲ್ಪ ಹೊತ್ತು ತಮ್ಮ ಬಾವಿಯ ಕಡೆ ನೋಡಿ, 'ಹಾಗಾದರೆ ಹುಲ್ಲನ್ನು ಮೂರು ಗುಂಟೆಗೆ ಇಳಿಸಿ, ಉಳಿದಲ್ಲಿ ನೆಲಕ್ಕೆ ಹಬ್ಬುವ ಗಿಡ ಹಾಕಿ' ಎಂದರು. ನನ್ನ ಗುತ್ತಿಗೆಯ ಮೊತ್ತ ಅಲ್ಲಿಯೇ ಕಡಿಮೆಯಾಯಿತು, ಬೇಸಿಗೆಯ ತಕರಾರೂ ಇಲ್ಲವಾಯಿತು.

ಗುತ್ತಿಗೆಗೆ ಸೇರದ ಕೆಲಸಗಳಿಗೂ ಒಂದು ಪ್ಯಾರಾ ಮೀಸಲು. ಮರ ಕಡಿಯುವುದು ನನ್ನ ಪಟ್ಟಿಯಲ್ಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಡಿ ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರಗಳಿಗೆ ವೃಕ್ಷಾಧಿಕಾರಿಯ ಅನುಮತಿ ಬೇಕು, ಆ ಅರ್ಜಿ ಮಾಲೀಕರದ್ದೇ ಎಂದು ಬರೆದಿರುತ್ತೇನೆ. ಬಿದ್ದ ಕೊಂಬೆ ತೆರವಿಗೆ ಪ್ರತ್ಯೇಕ ದಿನಗೂಲಿ ದರವಿದೆ. ಮಳೆಗಾಲಕ್ಕೆ ಮುಂಚೆ ಕೊಳೆ ತಗಲುವ ಗಿಡಗಳಿಗೆ ಶೇ. 1ರ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಗುತ್ತಿಗೆಯಲ್ಲಿ ಸೇರಿದೆ. ಕಳೆನಾಶಕ ಸೇರಿಲ್ಲ. ಸತ್ತ ಗಿಡದ ಬದಲು ಗಿಡ ಕೊಡುವುದು ನಾವು ನೆಟ್ಟದ್ದಾದರೆ ಮಾತ್ರ.

ದರ ಕಟ್ಟುವಾಗ ನಾನು ಮೊದಲು ಎಣಿಸುವುದು ಆಳುಗಳನ್ನು; ಒಂದು ಆಳೆಂದರೆ ಒಬ್ಬನ ಒಂದು ದಿನದ ಕೆಲಸ. ಒಂದು ಜಾಗದ ಲೆಕ್ಕ ಹೀಗಿತ್ತು: ಮಳೆಗಾಲದ ನಾಲ್ಕು ತಿಂಗಳು ತಲಾ 22 ಆಳು, ಮುಂದಿನ ನಾಲ್ಕಕ್ಕೆ ತಲಾ 12, ಬೇಸಿಗೆಯ ನಾಲ್ಕಕ್ಕೆ ತಲಾ 14, ಒಟ್ಟು 192. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 16. ಪ್ರತಿ ತಿಂಗಳೂ ಒಂದೇ ಮೊತ್ತವಿದ್ದರೆ ಗಿರಾಕಿಗಳಿಗೆ ಅನುಕೂಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಜೂನ್‌ನಲ್ಲಿ ಶುರುವಾದ ಗುತ್ತಿಗೆಯನ್ನು ಅವರು ಸೆಪ್ಟೆಂಬರ್ ಕೊನೆಗೆ ನಿಲ್ಲಿಸಿದರೆ, ನಾನು 88 ಆಳಿನ ಕೆಲಸ ಮಾಡಿಸಿ 64 ಆಳಿನ ಹಣ ಪಡೆದಿರುತ್ತೇನೆ. ಇಪ್ಪತ್ತನಾಲ್ಕು ಆಳಿನ ಕೂಲಿ ನನ್ನ ಜೇಬಿನಿಂದ ಹೋದಂತೆ. ಇಂಥದ್ದನ್ನು ಎರಡು ಸಲ ಅನುಭವಿಸಿದ ಮೇಲೆ, 'ನಡುವೆ ನಿಲ್ಲಿಸುವುದಾದರೆ ಒಂದು ತಿಂಗಳ ಮುನ್ಸೂಚನೆ ಕೊಡತಕ್ಕದ್ದು. ಅಂದಿನವರೆಗಿನ ಲೆಕ್ಕವನ್ನು ಕಂತಿನ ಬದಲು ಆದ ಆಳಿನ ಪ್ರಕಾರ ಚುಕ್ತಾ ಮಾಡತಕ್ಕದ್ದು' ಎಂಬ ಷರತ್ತು ಬಂತು. ಎರಡು ಕಡೆಯವರಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ಫೆಬ್ರವರಿಯಲ್ಲಿ ಶುರುವಾದ ಗುತ್ತಿಗೆಯನ್ನು ಮಳೆ ಹಿಡಿಯುವ ಮುನ್ನ ನಾನೇ ಕೈಬಿಟ್ಟರೆ ಹೆಚ್ಚಾಗಿ ಪಡೆದದ್ದನ್ನು ಹಿಂದಿರುಗಿಸಬೇಕು. ಜಿಎಸ್‌ಟಿ ಇದ್ದರೆ ಅದನ್ನು ಬೇರೆ ಸಾಲಿನಲ್ಲಿ ತೋರಿಸುತ್ತೇನೆ, ಟಿಡಿಎಸ್, ಅಂದರೆ ಹಣ ಕೊಡುವಾಗಲೇ ತೆರಿಗೆ, ಮುರಿದುಕೊಳ್ಳುವ ಸಂಸ್ಥೆಗಳಿಗೆ ಅದನ್ನೂ ನೆನಪಿಸುತ್ತೇನೆ. ಮೊದಲ ವರ್ಷ ಕಡಿಮೆ ಬಂದ ಹಣವನ್ನು ಎಲ್ಲಿ ಹೋಯಿತೆಂದು ಹುಡುಕಿ ಬೇಸತ್ತಿದ್ದೆ.

ಪ್ರಸ್ತಾವನೆ ಈಗ ಎರಡು ಪುಟ, ಕನ್ನಡದಲ್ಲಿ, ಜೊತೆಗೆ ಕೈಯಲ್ಲಿ ಬರೆದ ಒಂದು ನಕ್ಷೆ. ಇಂಗ್ಲಿಷಿನ ಸಿದ್ಧ ನಮೂನೆ ತುಂಬಿಕೊಟ್ಟಾಗ ಯಾರೂ ಮೊತ್ತದ ಆಚೆ ಓದುತ್ತಿರಲಿಲ್ಲ. ಸಹಿಗೆ ಮುನ್ನ ಮಾಲೀಕರ ಜೊತೆ ಜಾಗವನ್ನು ಒಂದು ಸುತ್ತು ಹಾಕಿ, ಒಂದೊಂದೇ ಸಾಲನ್ನು ಆಯಾ ಜಾಗದಲ್ಲಿ ನಿಂತು ಓದುತ್ತೇನೆ. ಆ ಸಾಗರದ ಮನೆಯಲ್ಲಿ ಹೀಗೆ ಓದುತ್ತಾ ದಾಸವಾಳದ ಬೇಲಿಯ ಬಳಿ ಬಂದಾಗ, ಜಗುಲಿಯಲ್ಲಿ ಕುಳಿತಿದ್ದ ಯಜಮಾನರ ತಾಯಿ, ದೇವರಿಗೆ ಹೂ ಕೊಯ್ಯುವ ಮುಂಚೆ ಆ ಸಾಲಿಗೆ ಕತ್ತರಿ ಹಾಕಬಾರದು, ನವರಾತ್ರಿಗಂತೂ ಮುಟ್ಟಲೇಬಾರದು ಎಂದರು. ಎರಡನೆಯ ಪುಟದ ಅಂಚಿನಲ್ಲಿ ಪೆನ್ನಿನಿಂದ ಅದನ್ನೂ ಬರೆದು, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದೆವು.